ಎರಡೇ ಮಾತು ಹೇಳಿ ಮುಗಿಸುತ್ತೇನೆ

ಮನೆಗೆ ಬಂದ ಯಾವುದಾದರೂ ಸಭೆಯ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. ಸ್ವಾಗತಕ್ಕೆ ಒಬ್ಬರು, ಪ್ರಾಸ್ತಾವಿಕ ನುಡಿಗೆ ಒಬ್ಬರು, ಉದ್ಘಾಟಕರು, ಆಶಯ ಭಾಷಣಕಾರರು, ಪುಸ್ತಕ ಬಿಡುಗಡೆಯಿದ್ದರೆ ಕೃತಿಯ ಕುರಿತು ಮಾತನಾಡುವವರು, ಮುಖ್ಯ ಅತಿಥಿಗಳು ಮೂವರು, ವಿಶೇಷ ಆಹ್ವಾನಿತರು ಇಬ್ಬರು, ಸನ್ಮಾನಿತರ ಪರವಾಗಿ ಒಬ್ಬರು, ಅಧ್ಯಕ್ಷರು, ಕೊನೆಗೆ ವಂದನಾರ್ಪಣೆ. ಒಟ್ಟು ಹದಿಮೂರು ಜನ. ಎಲ್ಲರೂ ಶಿಸ್ತಿನವರು, ತಲಾ ಹತ್ತೇ ನಿಮಿಷ ಮಾತನಾಡುತ್ತಾರೆ ಎಂದಿಟ್ಟುಕೊಂಡರೂ 130 ನಿಮಿಷ ಆಯಿತು. ಪ್ರಾರ್ಥನೆ, ನಾಡಗೀತೆ, ದೀಪ ಬೆಳಗುವುದು, ಹಾರ, ಶಾಲು, ಫಲತಾಂಬೂಲ, ಫೋಟೊ, ಒಬ್ಬೊಬ್ಬರ ನಡುವೆ ನಿರೂಪಕರ ಚುಟುಕು, ಇವೆಲ್ಲ ಸೇರಿ ಇನ್ನೊಂದು ಮುಕ್ಕಾಲು ಗಂಟೆ. ಹತ್ತೂವರೆಗೆ ಎಂದು ಅಚ್ಚಾದ ಸಭೆ ಹನ್ನೊಂದಕ್ಕೆ ಶುರುವಾದರೂ ಮುಗಿಯುವ ಹೊತ್ತಿಗೆ ಎರಡು ಗಂಟೆ ಹತ್ತಿರ. ಆದರೆ ಅದೇ ಪತ್ರಿಕೆಯ ಒಳಪುಟದಲ್ಲಿ ಹನ್ನೆರಡೂವರೆಗೆ ಮೊದಲ ಗೋಷ್ಠಿ ಎಂದಿರುತ್ತದೆ!

ಅಂದರೆ ಈ ಸಭೆ ತಡವಾದದ್ದು ಯಾರೋ ಒಬ್ಬರು ಮೈಕ್ ಹಿಡಿದು ಬಿಡದೆ ಹೋದದ್ದರಿಂದಲ್ಲ. ಪತ್ರಿಕೆ ಅಚ್ಚಿಗೆ ಹೋದ ದಿನವೇ ಅದು ತಡವಾಗಿತ್ತು. ವೇದಿಕೆಯ ಮೇಲೆ ಇಷ್ಟು ಕುರ್ಚಿ ಹಾಕಿದ್ದಕ್ಕೂ ಕಾರಣಗಳಿರುತ್ತವೆ. ದೇಣಿಗೆ ಕೊಟ್ಟವರನ್ನು ಬಿಡುವಂತಿಲ್ಲ, ಊರಿನ ಹಿರಿಯರನ್ನು ಮರೆಯುವಂತಿಲ್ಲ, ಒಂದು ಪಕ್ಷದವರನ್ನು ಕರೆದು ಇನ್ನೊಂದು ಪಕ್ಷದವರನ್ನು ಕರೆಯದಿರುವಂತಿಲ್ಲ. ಕುರ್ಚಿ ಕೊಟ್ಟ ಮೇಲೆ ಮೈಕ್ ಕೊಡದಿರುವುದು ಹೇಗೆ? ಮೈಕ್ ಕೊಟ್ಟ ಮೇಲೆ ಗಡಿಯಾರ ತೋರಿಸುವುದು ಹೇಗೆ? ಎಲ್ಲ ಸಂಕೋಚಗಳೂ ಸೇರಿ ಕೊನೆಗೆ ಬಲಿಯಾಗುವುದು ಪಟ್ಟಿಯ ಕೊನೆಯಲ್ಲಿರುವವರು. ಕವಿಗೋಷ್ಠಿಯಲ್ಲಿ ಮೊದಲ ಸಲ ಕವಿತೆ ಓದಲು ದೂರದ ತಾಲ್ಲೂಕಿನಿಂದ ಬಂದ ಹುಡುಗಿ, ಶಾಲಾ ವಾರ್ಷಿಕೋತ್ಸವದಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡು ಸಂಜೆಯಿಂದ ಕಾಯುತ್ತಿರುವ ಮಕ್ಕಳು, ಪ್ರಶ್ನೆ ಕೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡ ಸಭಿಕ. 'ಸಮಯದ ಅಭಾವದಿಂದ' ಎಂದು ಶುರುವಾಗುವ ಪ್ರಕಟಣೆ ಬರುವುದು ಇವರ ಸರದಿಯಲ್ಲೇ.

ವೇದಿಕೆಯ ಸಮಯ ನಾಲೆಯ ನೀರಿದ್ದ ಹಾಗೆ. ಮೇಲಿನ ಗದ್ದೆಯವರು ತೂಬು ಮುಚ್ಚದಿದ್ದರೆ ಅಚ್ಚುಕಟ್ಟಿನ ಕೊನೆ ಭಾಗಕ್ಕೆ ಹನಿಯೂ ತಲುಪುವುದಿಲ್ಲ. ಭಾಷಣದ ಕಾಲಮಿತಿಯನ್ನು ನಾವು ಮಾತುಗಾರನ ಸ್ವಾತಂತ್ರ್ಯಕ್ಕೆ ಹಾಕಿದ ಕಡಿವಾಣ ಎಂದು ತಿಳಿಯುತ್ತೇವೆ. ಅದು ನಿಜವಾಗಿ ಹಂಚಿಕೆಯ ಪ್ರಶ್ನೆ, ನ್ಯಾಯದ ಪ್ರಶ್ನೆ. ಈ ಮಾತನ್ನು ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆಯೇ ಅರ್ಥ ಮಾಡಿಕೊಂಡವರಿದ್ದರು.

ನೀರಿನಿಂದ ಅಳೆದ ಮಾತು

ಪ್ರಾಚೀನ ಅಥೆನ್ಸಿನ ನ್ಯಾಯಾಲಯಗಳಲ್ಲಿ ವೃತ್ತಿನಿರತ ವಕೀಲರು ಇರಲಿಲ್ಲ. ದೂರು ಕೊಟ್ಟವನೂ ಆರೋಪ ಹೊತ್ತವನೂ ನೂರಾರು ಮಂದಿ ನಾಗರಿಕ ತೀರ್ಪುಗಾರರ ಎದುರು ತಾವೇ ನಿಂತು ಮಾತನಾಡಬೇಕಿತ್ತು. ಮಾತಿಗೆ ಅಳತೆ ಕ್ಲೆಪ್ಸಿಡ್ರಾ ಎಂಬ ಜಲಗಡಿಯಾರ. ಹೆಸರು ದೊಡ್ಡದು, ವಸ್ತು ಬಹಳ ಸರಳ. ತಳದ ಬಳಿ ಸಣ್ಣ ಕೊಳವೆ ಇಟ್ಟ ಮಣ್ಣಿನ ಪಾತ್ರೆ, ಅದರ ಕೆಳಗೆ ಇನ್ನೊಂದು ಪಾತ್ರೆ. ಮಾತು ಶುರುವಾದಾಗ ಕೊಳವೆಯ ಬೆಣೆ ತೆಗೆಯುತ್ತಾರೆ. ನೀರು ಖಾಲಿಯಾದಾಗ ಮಾತು ಮುಗಿಯಬೇಕು.

ಅಥೆನ್ಸಿನ ಅಗೋರಾ ಎಂಬ ಪುರಾತನ ಚೌಕದ ಉತ್ಖನನದಲ್ಲಿ ಇಂಥ ಒಂದು ಪಾತ್ರೆ ಸಿಕ್ಕಿದೆ. ಸುಮಾರು 6.4 ಲೀಟರ್ ನೀರು ಹಿಡಿಯುವ ಅದು ಖಾಲಿಯಾಗಲು ಹಿಡಿಯುವ ಸಮಯ ಆರು ನಿಮಿಷ. ಅರಿಸ್ಟಾಟಲ್ ಹೆಸರಿನಲ್ಲಿ ಬಂದಿರುವ, ಅಥೆನ್ಸಿನ ಆಡಳಿತ ಕುರಿತ ಗ್ರಂಥದಲ್ಲಿ ಈ ಹಂಚಿಕೆಯ ವಿವರವೂ ಇದೆ. ವ್ಯಾಜ್ಯದ ಮೊತ್ತ 5,000 ದ್ರಾಖ್ಮಾ ದಾಟಿದರೆ ಮೊದಲ ಭಾಷಣಕ್ಕೆ ಹತ್ತು ಅಳತೆ ನೀರು, ಮೊತ್ತ 1,000ದ ಒಳಗಿದ್ದರೆ ಐದು ಅಳತೆ. ಇಂಥ ಎರಡು ಅಳತೆ ಹಿಡಿಯುವ ಅಗೋರಾದ ಪಾತ್ರೆಯ ಲೆಕ್ಕದಲ್ಲಿ ನೋಡಿದರೆ ಕ್ರಮವಾಗಿ ಅರ್ಧ ಗಂಟೆ ಮತ್ತು ಕಾಲು ಗಂಟೆಯ ಆಸುಪಾಸು.

ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಸಾಮಾನ್ಯ ವ್ಯಾಜ್ಯಗಳಲ್ಲಿ ಕಾನೂನಿನ ಪಾಠವನ್ನೋ ಸಾಕ್ಷಿಯ ಹೇಳಿಕೆಯನ್ನೋ ಓದುವಾಗ ನೀರನ್ನು ತಡೆದು ನಿಲ್ಲಿಸುತ್ತಿದ್ದರು, ಏಕೆಂದರೆ ಅದು ವಾದಿಯ ಸ್ವಂತ ಮಾತಲ್ಲ. ಇನ್ನೊಂದು, ನೀರಿನ ಉಸ್ತುವಾರಿಯವನನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಗಡಿಯಾರ ಯಾರ ಪರವೂ ಇರಬಾರದು ಎಂಬ ಎಚ್ಚರ ಅದು. ಡೆಮಾಸ್ತನೀಸ್‌ನಂಥ ಮಹಾ ವಾಗ್ಮಿ ಎದುರಾಳಿಗೆ ಸವಾಲು ಹಾಕುವಾಗ, ಬೇಕಾದರೆ ನನ್ನ ನೀರಿನಲ್ಲಿ ಬಂದು ಮಾತನಾಡು ಎನ್ನುತ್ತಿದ್ದ. ಅವನ ಪ್ರತಿಭೆ ಬೆಳೆದದ್ದು ಈ ಅಳತೆಯೊಳಗೇ.

ನಮ್ಮಲ್ಲೂ ನೀರಿನ ಗಡಿಯಾರವಿತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಘಳಿಗೆ, ಅಂದರೆ 24 ನಿಮಿಷ. ಮದುವೆಯ ಮುಹೂರ್ತ ತಪ್ಪದಿರಲೆಂದು ಘಳಿಗೆ ಬಟ್ಟಲು ಇಡುತ್ತಿದ್ದರು. ಶುರುವಾಗುವ ಹೊತ್ತಿನ ಬಗ್ಗೆ ಅಷ್ಟು ಕಾಳಜಿ ಇದ್ದ ನಾವು ಮುಗಿಯುವ ಹೊತ್ತನ್ನು ಮಾತ್ರ ಇವತ್ತಿಗೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ.

ದೀಪ, ಗಂಟೆ, ಮೈಕ್

ಇವತ್ತು ಅಥೆನ್ಸಿನ ಪಾತ್ರೆಯ ಜಾಗದಲ್ಲಿ ದೀಪಗಳು ಬಂದಿವೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ಕಾಲಕ್ಕೆ ವಾದಗಳು ದಿನಗಟ್ಟಲೆ ನಡೆಯುತ್ತಿದ್ದವು. 1849ರಲ್ಲಿ ಪ್ರತಿ ಪಕ್ಷಕ್ಕೆ ಎರಡು ಗಂಟೆ ಎಂದಾಯಿತು, 1925ರಲ್ಲಿ ಒಂದು ಗಂಟೆ, 1970ರಲ್ಲಿ ಅರ್ಧ ಗಂಟೆ. ಐದು ನಿಮಿಷ ಉಳಿದಾಗ ಬಿಳಿ ದೀಪ, ಮುಗಿದಾಗ ಕೆಂಪು ದೀಪ. ವಾದ ಇಷ್ಟು ಕುಗ್ಗಲು ಸಾಧ್ಯವಾದದ್ದು ಏಕೆಂದರೆ ವಿವರವೆಲ್ಲ ಮೊದಲೇ ಲಿಖಿತವಾಗಿ ನ್ಯಾಯಾಧೀಶರ ಕೈ ಸೇರಿರುತ್ತದೆ. ಬಾಯಲ್ಲಿ ಹೇಳಬೇಕಾದದ್ದು ಕಾಗದ ಹೇಳಲಾರದ್ದನ್ನು ಮಾತ್ರ.

ನಮ್ಮ ಸುಪ್ರೀಂ ಕೋರ್ಟಿನ ಸಂಪ್ರದಾಯ ಬೇರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳ ಪೀಠ 68 ದಿನ ಆಲಿಸಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂಬ ತತ್ವ ಹುಟ್ಟಿದ್ದು ಅಲ್ಲಿ. ಒಂದು ದೇಶದ ಬುನಾದಿಯ ಪ್ರಶ್ನೆಗೆ 68 ದಿನ ಹೆಚ್ಚೇನಲ್ಲ. ವಿಷಯದ ತೂಕಕ್ಕೆ ತಕ್ಕ ಸಮಯ ಎಂಬ ಅಥೆನ್ಸಿನ ನಿಯಮ ಇಲ್ಲೂ ಸಲ್ಲುತ್ತದೆ.

ಆದರೆ ಉದ್ದದ ಮಾತಿಗೆಲ್ಲ ಈ ಸಮರ್ಥನೆ ಸಿಗುವುದಿಲ್ಲ. 1957ರ ಜನವರಿ 23 ಮತ್ತು 24ರಂದು ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತನಾಡಿದರು. ಆ ಮಂಡಳಿಯ ದಾಖಲೆ ಅದು. ಅದೇ 24ರಂದು ಭಾರತಕ್ಕೆ ಇಷ್ಟವಿಲ್ಲದ ನಿರ್ಣಯ ಹತ್ತು ಮತಗಳಿಂದ ಅಂಗೀಕಾರವಾಯಿತು. ಸೋವಿಯತ್ ಒಕ್ಕೂಟ ತಟಸ್ಥವಾಗಿತ್ತು, ವಿರೋಧಿಸಿದವರು ಯಾರೂ ಇರಲಿಲ್ಲ. ತಾಯ್ನಾಡಿನಲ್ಲಿ ಮೆನನ್ ವೀರರಾದರು, ಎದುರಿಗಿದ್ದವರಲ್ಲಿ ಒಂದು ಮತವೂ ಕದಲಲಿಲ್ಲ. 1960ರಲ್ಲಿ ಫಿಡೆಲ್ ಕ್ಯಾಸ್ಟ್ರೊ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 4 ಗಂಟೆ 29 ನಿಮಿಷ ಮಾತನಾಡಿದರು. 2009ರಲ್ಲಿ ಲಿಬಿಯಾದ ಗಡಾಫಿ 15 ನಿಮಿಷದ ಜಾಗದಲ್ಲಿ ಒಂದೂವರೆ ಗಂಟೆಗೂ ಮೀರಿ ನಿಂತರು. ಸಾಮಾನ್ಯ ಸಭೆಯ ವಾರ್ಷಿಕ ಚರ್ಚೆಯಲ್ಲಿ 15 ನಿಮಿಷ ಎಂಬುದು ವಿನಂತಿಯೇ ಹೊರತು ಕಟ್ಟಪ್ಪಣೆಯಲ್ಲ. ರಾಷ್ಟ್ರನಾಯಕರ ಮೈಕ್ ಯಾರೂ ಬಂದ್ ಮಾಡುವುದಿಲ್ಲ. ನಮ್ಮೂರ ಸಭೆಯಲ್ಲಿ ಮಂತ್ರಿಗಳಿಗೆ ಚೀಟಿ ಕೊಡಲು ಯಾರೂ ಮುಂದಾಗದ ಹಾಗೆ.

ನಮ್ಮ ಸಂಸತ್ತಿನಲ್ಲಿ ಚರ್ಚೆಯ ಸಮಯವನ್ನು ಪಕ್ಷಗಳ ಬಲಕ್ಕೆ ತಕ್ಕಂತೆ ಹಂಚುತ್ತಾರೆ. ಸಮಯ ಮೀರಿದರೆ ಪೀಠದಿಂದ ಗಂಟೆ ಬಾರಿಸುತ್ತಾರೆ. ರಾಜ್ಯಸಭೆಯ ಶೂನ್ಯವೇಳೆಯಲ್ಲಿ ಒಬ್ಬ ಸದಸ್ಯರಿಗೆ ಮೂರು ನಿಮಿಷ. ಅದು ಮುಗಿದ ಕೂಡಲೇ ಮೈಕ್ ತಾನೇ ಮೌನವಾಗುತ್ತದೆ. ಬಜೆಟ್ ಭಾಷಣಕ್ಕೆ ಇಂಥ ಗಂಟೆಯಿಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2020ರ ಫೆಬ್ರುವರಿ 1ರಂದು ಎರಡೂ ಮುಕ್ಕಾಲು ಗಂಟೆ ಹತ್ತಿರ ಓದಿದರು. ಆಯಾಸವಾಗಿ ಕೊನೆಯ ಎರಡು ಪುಟ ಓದದೆ ಕುಳಿತರು. ಅದರಿಂದ ಬಜೆಟ್ಟಿಗೆ ಏನೂ ಕೊರತೆಯಾಗಲಿಲ್ಲ, ಅಚ್ಚಾದ ಪ್ರತಿ ಸದನದ ಮುಂದಿತ್ತು. ಸಾಹಿತ್ಯ ಸಮ್ಮೇಳನಗಳಲ್ಲಿ ಅಧ್ಯಕ್ಷರ ಭಾಷಣವನ್ನು ಪುಸ್ತಿಕೆಯಾಗಿ ಹಂಚುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಕೈಯಲ್ಲಿ ಪುಸ್ತಿಕೆ ಇದ್ದ ಮೇಲೆ ವೇದಿಕೆಯಲ್ಲಿ ಅದರ ಸಾರ ಹೇಳಿದರೆ ಸಾಕಲ್ಲವೇ?

ಲಿಂಕನ್ ಮಾಡಿದ್ದೇನು?

ಚುಟುಕು ಭಾಷಣದ ಮಾತು ಬಂದಾಗಲೆಲ್ಲ ಗೆಟಿಸ್‌ಬರ್ಗ್ ನೆನಪಾಗುತ್ತದೆ. 1863ರ ನವೆಂಬರ್ 19ರಂದು ಆ ಯುದ್ಧಭೂಮಿಯ ಸ್ಮಶಾನವನ್ನು ಸಮರ್ಪಿಸುವ ಸಮಾರಂಭದಲ್ಲಿ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದರು, ಅಬ್ರಹಾಂ ಲಿಂಕನ್ ಎರಡೇ ನಿಮಿಷ. ಜಗತ್ತು ನೆನಪಿಟ್ಟುಕೊಂಡದ್ದು ಲಿಂಕನ್ನರ ಇನ್ನೂರ ಎಪ್ಪತ್ತು ಚಿಲ್ಲರೆ ಪದಗಳನ್ನು. ಈ ಕತೆಯನ್ನು ಎವರೆಟ್‌ರನ್ನು ಗೇಲಿ ಮಾಡುವಂತೆ ಹೇಳುವುದು ವಾಡಿಕೆ. ಅದು ಅನ್ಯಾಯ. ಆ ದಿನದ ಮುಖ್ಯ ಭಾಷಣಕಾರರು ಎವರೆಟ್ ಅವರೇ; ಅಂದಿನ ರೂಢಿಯಲ್ಲಿ ಮುಖ್ಯ ಭಾಷಣವೆಂದರೆ ಎರಡು ಗಂಟೆ. ಲಿಂಕನ್ ಅವರನ್ನು ಕರೆದದ್ದು ಸಮರ್ಪಣೆಯ ನಾಲ್ಕು ಮಾತಿಗೆ. ದೇಶದ ಅಧ್ಯಕ್ಷರಾಗಿದ್ದೂ ಅವರು ಕೊಟ್ಟ ಪಾತ್ರವನ್ನು ಮೀರಲಿಲ್ಲ. ಮರುದಿನ ಎವರೆಟ್ ಪತ್ರ ಬರೆದು, ತಾವು ಎರಡು ಗಂಟೆಯಲ್ಲಿ ಹೇಳಲು ಹೆಣಗಿದ್ದನ್ನು ಲಿಂಕನ್ ಎರಡು ನಿಮಿಷದಲ್ಲಿ ಮುಟ್ಟಿದರೆಂದು ಮೆಚ್ಚಿಕೊಂಡರು.

ನಮ್ಮ ಸಭೆಗಳಲ್ಲಿ ತಪ್ಪುವುದು ಇಲ್ಲೇ. ದೀಪ ಬೆಳಗಲು ಬಂದವರು ಆಶಯ ಭಾಷಣ ಮಾಡುತ್ತಾರೆ, ಸ್ವಾಗತಿಸುವವರು ಸಂಸ್ಥೆಯ ಇತಿಹಾಸ ಹೇಳುತ್ತಾರೆ, ವಂದನಾರ್ಪಣೆಯವರು ಎಲ್ಲರ ಭಾಷಣದ ಸಾರಾಂಶ ಒಪ್ಪಿಸುತ್ತಾರೆ. ಕಾಲಮಿತಿ ಮೀರುವುದೆಂದರೆ ಬಹುಪಾಲು ಪಾತ್ರ ಮೀರುವುದೇ.

ಹೊತ್ತು ಹೋಗುವುದು ಎಲ್ಲಿ?

ಮಾತನಾಡುವವರಿಗೆ ಸಮಯದ ಅಂದಾಜು ಸಿಗುವುದಿಲ್ಲ ಎಂಬುದು ನಿಜ. ಮುಂದಿನ ವಾಕ್ಯ ಹುಡುಕುವುದರಲ್ಲಿ ಮನಸ್ಸು ಮುಳುಗಿದಾಗ ಹತ್ತು ನಿಮಿಷ ಐದರಂತೆ ಕಾಣುತ್ತದೆ. ಕೇಳುತ್ತ ಕುಳಿತವರಿಗೆ ಅದೇ ಹತ್ತು ನಿಮಿಷ ಇಪ್ಪತ್ತು. ಇನ್ನು ಮನೆಯಲ್ಲಿ ಮನಸ್ಸಿನಲ್ಲೇ ಓದಿಕೊಂಡು ಬಂದವರಿಗೆ ಕಾದಿರುವ ಆಪತ್ತು ಬೇರೆ: ಕಣ್ಣು ಓದುವ ವೇಗದಲ್ಲಿ ಬಾಯಿ ಓದಲಾರದು.

ಆದರೆ ಹೆಚ್ಚಿನ ಸೋರಿಕೆ ಇರುವುದು ಪೀಠಿಕೆಯಲ್ಲಿ. ವೇದಿಕೆಯಲ್ಲಿರುವ ಹದಿಮೂರು ಜನರ ಹೆಸರು, ಹುದ್ದೆ, ಒಂದೊಂದು ವಿಶೇಷಣ ಹೇಳಿ ನಮಸ್ಕರಿಸಲು ಎರಡು ನಿಮಿಷ ಬೇಕು. ಹದಿಮೂರು ಜನರೂ ಅದನ್ನೇ ಮಾಡಿದರೆ 26 ನಿಮಿಷ ಬರೀ ಹೆಸರುಗಳಿಗೇ ಹೋಯಿತು. ಆಮೇಲೆ 'ನನಗಿಂತ ಮೊದಲು ಮಾತನಾಡಿದವರು ಎಲ್ಲವನ್ನೂ ಹೇಳಿದ್ದಾರೆ' ಎಂದು ಅದನ್ನೇ ಮತ್ತೆ ಹೇಳುವುದು. ತಾನು ಈ ಸಭೆಗೆ ಒಪ್ಪಿಕೊಂಡ ಕತೆ, ದಾರಿಯಲ್ಲಿ ಸಿಕ್ಕಿದ ಟ್ರಾಫಿಕ್ಕಿನ ಕತೆ. ಕೊನೆಯಲ್ಲಿ 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎಂಬ ಆಶ್ವಾಸನೆ. ಅನುಭವಸ್ಥ ಸಭಿಕರು ಈ ಮಾತು ಕೇಳಿದ ಮೇಲೆ ಕುರ್ಚಿಗೆ ಇನ್ನಷ್ಟು ಒರಗಿ ಕೂರುತ್ತಾರೆ.

ಹತ್ತು ನಿಮಿಷ ಹೆಚ್ಚಾದರೆ ಏನು ಮಹಾ ಎನ್ನುವವರು ಸಭಿಕರ ಸಂಖ್ಯೆಯಿಂದ ಗುಣಿಸಿ ನೋಡಬೇಕು. 300 ಜನರ ಸಭೆಯಲ್ಲಿ ಹತ್ತು ನಿಮಿಷ ಹೆಚ್ಚು ಕೊರೆದರೆ ಹೋಗುವುದು 3,000 ನಿಮಿಷ, ಅಂದರೆ 50 ಗಂಟೆ. ಅದರೊಳಗೆ ಕೊನೆಯ ಬಸ್ಸು ಹಿಡಿಯಬೇಕಾದವರಿದ್ದಾರೆ, ಮನೆಯಲ್ಲಿ ಹಸುಗೂಸು ಬಿಟ್ಟು ಬಂದವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಊಟದ ಹೊತ್ತು ಮೀರಿಸಬಾರದವರಿದ್ದಾರೆ. ಇವರು ಯಾರೂ ಎದ್ದು ನಿಂತು ಆಕ್ಷೇಪಿಸುವುದಿಲ್ಲ. ಸದ್ದಿಲ್ಲದೆ ಎದ್ದು ಹೋಗುತ್ತಾರೆ, ಮುಂದಿನ ಸಭೆಗೆ ಬರುವುದಿಲ್ಲ.

ಭಾಗವತರ ಕೈಯಲ್ಲಿ ತಾಳ

ಆಶುಮಾತನ್ನೇ ಕಲೆಯಾಗಿಸಿಕೊಂಡ ಕರಾವಳಿಯ ತಾಳಮದ್ದಳೆ ಈ ವಿಷಯದಲ್ಲಿ ನಮಗೆ ಕಲಿಸುವುದಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗರಂಥವರು ಮಾತಿನ ಬಲದಿಂದಲೇ ಸಭೆಯನ್ನು ಹಿಡಿದಿಟ್ಟರು. ಇಷ್ಟು ಸ್ವಾತಂತ್ರ್ಯವಿರುವ ಕಲೆಯಲ್ಲೂ ಲಗಾಮು ಅರ್ಥಧಾರಿಯ ಕೈಯಲ್ಲಿಲ್ಲ, ಭಾಗವತರ ಕೈಯಲ್ಲಿದೆ. ಮಾತು ಸಾಕೆನಿಸಿದಾಗ ಅವರು ಮುಂದಿನ ಪದ್ಯಕ್ಕೆ ಶ್ರುತಿ ಹಿಡಿಯುತ್ತಾರೆ, ತಾಳ ತಟ್ಟುತ್ತಾರೆ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಅದಕ್ಕೆ ತಲೆಬಾಗಬೇಕು. ಯಾವ ಪದ್ಯ ಇರಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕವೂ ಅವರದೇ.

ಇಡೀ ರಾತ್ರಿಯ ಕೂಟಗಳು ಇಂದು ಮೂರು ನಾಲ್ಕು ಗಂಟೆಗೆ ಇಳಿದಿವೆ. ಬಯಲಾಟದಲ್ಲೂ 'ಕಾಲಮಿತಿ ಯಕ್ಷಗಾನ' ಎಂಬ ಮಾತೇ ಬಳಕೆಗೆ ಬಂದಿದೆ. ಹಳಬರಿಗೆ ಇದರ ಬಗ್ಗೆ ಬೇಸರವಿದೆ, ಅದು ಸಹಜ. ಆದರೆ ಪ್ರೇಕ್ಷಕರ ದೂರು ಕಾಲಮಿತಿಗಿಂತ ಹೆಚ್ಚಾಗಿ ಅದರೊಳಗಿನ ಅಸಮಾನ ಹಂಚಿಕೆಯ ಬಗ್ಗೆ. ಕೃಷ್ಣಸಂಧಾನ ಪ್ರಸಂಗದಲ್ಲಿ ಮೊದಲ ಪಾತ್ರಗಳ ಪೀಠಿಕೆಯೇ ಗಂಟೆ ನುಂಗಿದರೆ ಕೃಷ್ಣ ಕೌರವರ ಸಂವಾದ ಓಡಿಸಿಕೊಂಡು ಹೋಗಬೇಕಾಗುತ್ತದೆ. ಜನ ಬಂದದ್ದು ಆ ಸಂವಾದಕ್ಕಾಗಿ.

ಸಭೆಗಳಲ್ಲಿ ಭಾಗವತರ ಈ ಅಧಿಕಾರ ಇರಬೇಕಾದದ್ದು ಅಧ್ಯಕ್ಷರಿಗೆ. ವಿಚಿತ್ರವೆಂದರೆ ನಾವು ಅಧ್ಯಕ್ಷತೆಯನ್ನು ಕೊನೆಯ ಭಾಷಣ ಮಾಡುವ ಗೌರವವೆಂದು ಮಾತ್ರ ತಿಳಿದಿದ್ದೇವೆ. ಸಭೆ ನಡೆಸುವ ಹೊಣೆ ನಿರೂಪಕರ ತಲೆಗೆ ಬಿದ್ದಿದೆ. ಅವರಿಗೆ ಯಾರನ್ನೂ ತಡೆಯುವ ಅಧಿಕಾರವಿಲ್ಲ.

ಮಿತಿ ಎಲ್ಲರಿಗೂ ಒಂದೇ ಆಗಿರಲಿ

ಕಾಲಮಿತಿಗೆ ಇನ್ನೊಂದು ಮುಖವೂ ಇದೆ. ತಮಗೆ ಬೇಡದ ಮಾತನ್ನು ತಡೆಯಲು ಗಡಿಯಾರ ಒಳ್ಳೆಯ ಆಯುಧ. ಗ್ರಾಮಸಭೆಗೆ ಹೋಗಿ ನೋಡಿ. ವೇದಿಕೆಯವರ ಭಾಷಣಗಳು ಮುಗಿಯುವಾಗ ಮಧ್ಯಾಹ್ನ. ಕುಡಿಯುವ ನೀರಿನ ಬಗ್ಗೆಯೋ ಉದ್ಯೋಗ ಖಾತರಿ ಕೂಲಿಯ ಬಗ್ಗೆಯೋ ಕೇಳಲು ಎದ್ದ ಹೆಂಗಸಿಗೆ 'ಬೇಗ ಹೇಳಮ್ಮ, ಟೈಮಿಲ್ಲ' ಎಂಬ ಉತ್ತರ. ಸಭೆ ಕರೆದದ್ದೇ ಆಕೆಯ ಮಾತು ಕೇಳಲು. ಮಾತಿನ ಅಭ್ಯಾಸವಿಲ್ಲದವರಿಗೆ ವಿಷಯಕ್ಕೆ ಬರಲು ಒಂದೆರಡು ನಿಮಿಷ ಹೆಚ್ಚೇ ಬೇಕು, ಅದನ್ನು ಕೊಡಬೇಕು. ದೊಡ್ಡವರಿಗೆ ಇಲ್ಲದ ಮಿತಿ ಸಣ್ಣವರಿಗೆ ಮಾತ್ರ ಇದ್ದರೆ ಅದು ಶಿಸ್ತಲ್ಲ, ಬಾಯಿ ಮುಚ್ಚಿಸುವ ಉಪಾಯ. ಮಿತಿ ಮೊದಲೇ ತಿಳಿದಿರಬೇಕು, ಕೆಲಸಕ್ಕೆ ತಕ್ಕಂತಿರಬೇಕು, ಹುದ್ದೆ ನೋಡಿ ಬದಲಾಗಬಾರದು.

ಅಭ್ಯಾಸದಿಂದ ಬರುವ ವಿದ್ಯೆ

ಹೊತ್ತಿಗೆ ಸರಿಯಾಗಿ ಮುಗಿಸುವುದು ಕಲಿಯಬಹುದಾದ ಕೆಲಸ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಇಂದು ಬೆಂಗಳೂರಿನ ಕಂಪನಿಗಳಲ್ಲೂ ನಡೆಯುತ್ತಿರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಸಮಯ ನೋಡಲೆಂದೇ ಒಬ್ಬರಿರುತ್ತಾರೆ. ಐದರಿಂದ ಏಳು ನಿಮಿಷದ ಭಾಷಣದಲ್ಲಿ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಸ್ಪರ್ಧೆಯಲ್ಲಿ ಏಳೂವರೆ ದಾಟಿದರೆ ಎಷ್ಟು ಚೆನ್ನಾಗಿ ಮಾತನಾಡಿದರೂ ಅನರ್ಹ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ಸ್ಪರ್ಧೆಯಲ್ಲಿ ಪಿಎಚ್.ಡಿ ವಿದ್ಯಾರ್ಥಿಗಳು ತಮ್ಮ ವರ್ಷಗಳ ಸಂಶೋಧನೆಯನ್ನು ಒಂದೇ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷದಲ್ಲಿ ಹೇಳಬೇಕು. ಟೆಡ್ ಉಪನ್ಯಾಸಗಳ ಮಿತಿ 18 ನಿಮಿಷ. ಆಕಾಶವಾಣಿಯಲ್ಲಿ ಭಾಷಣ ಮಾಡಿದವರಿಗೆ ಇದೇನೂ ಹೊಸದಲ್ಲ. ಹತ್ತು ನಿಮಿಷವೆಂದರೆ ಅಲ್ಲಿ ಹತ್ತೇ ನಿಮಿಷ. ಬರೆದು, ಗಟ್ಟಿಯಾಗಿ ಓದಿ, ಹೆಚ್ಚಾದದ್ದನ್ನು ಕತ್ತರಿಸಿಕೊಂಡೇ ಹೋಗಬೇಕು.

ಮಾತನಾಡುವವರು ಮಾಡಬಹುದಾದ ಕೆಲಸ ಹೆಚ್ಚಿಲ್ಲ. ಹತ್ತು ನಿಮಿಷ ಕೊಟ್ಟರೆ ಎಂಟು ನಿಮಿಷಕ್ಕೆ ಸಿದ್ಧವಾಗಿ. ಚಪ್ಪಾಳೆ, ಕೆಮ್ಮು, ಮೈಕಿನ ತಕರಾರಿಗೆ ಉಳಿದೆರಡು. ಸಾವಧಾನವಾಗಿ ಮಾತನಾಡಿದರೆ ನಿಮಿಷಕ್ಕೆ ನೂರರ ಆಸುಪಾಸು ಕನ್ನಡ ಪದಗಳಾಗುತ್ತವೆ. ನಿಮ್ಮ ವೇಗ ಎಷ್ಟೆಂದು ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮುಕ್ತಾಯದ ವಾಕ್ಯವನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಗಿಸುವುದು ಹೇಗೆಂದು ತಿಳಿಯದೆ ಸುತ್ತುವವರೇ ಹೆಚ್ಚು. ಹೊತ್ತು ಕಡಿಮೆಯಾದರೆ ಯಾವ ಭಾಗ ಬಿಡಬಹುದೆಂದು ಟಿಪ್ಪಣಿಯಲ್ಲಿ ಗುರುತು ಹಾಕಿಡಿ. ಇಪ್ಪತ್ತು ನಿಮಿಷ ಎಂದು ಕರೆದು ಐದೇ ನಿಮಿಷ ಉಳಿಸಿಕೊಟ್ಟರೆ ಇಪ್ಪತ್ತು ನಿಮಿಷದ ಮಾತನ್ನು ಓಡಿಸಬೇಡಿ. ಒಂದೇ ಅಂಶ ಎತ್ತಿಕೊಂಡು ಅದನ್ನು ಪೂರ್ತಿ ಹೇಳಿ. ವೇದಿಕೆಗೆಲ್ಲ ಸೇರಿಸಿ ಒಂದೇ ನಮಸ್ಕಾರ ಸಾಕು, ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಸಂಘಟಕರ ಹೊಣೆ ಇದಕ್ಕಿಂತ ದೊಡ್ಡದು. ಸಮಯವನ್ನು ಆಹ್ವಾನ ಪತ್ರದಲ್ಲೇ ಬರೆಯಬೇಕು, ವೇದಿಕೆ ಹತ್ತಿದ ಮೇಲೆ ಕಿವಿಯಲ್ಲಿ ಹೇಳುವುದಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು 'ಐದು', 'ಎರಡು', 'ಮುಗಿಯಿತು' ಎಂದು ಬರೆದ ಮೂರು ರಟ್ಟು ಹಿಡಿದು ಕುಳಿತರೆ ಅರ್ಧ ಕೆಲಸ ಆಗುತ್ತದೆ. ರಟ್ಟು ನೋಡಿದರೂ ನಿಲ್ಲಿಸದವರನ್ನು ನಿಲ್ಲಿಸುವ ಮಾತು ಅಧ್ಯಕ್ಷರಿಂದ ಬರಬೇಕು. ಗೌರವಕ್ಕಾಗಿ ಕರೆದವರನ್ನು ಗೌರವಿಸಿ ಕಳಿಸಬಹುದು. ಎಲ್ಲರಿಗೂ ಮೈಕ್ ಕೊಡಲೇಬೇಕೆಂಬ ಶಾಸ್ತ್ರವಿಲ್ಲ. ಎಲ್ಲಕ್ಕಿಂತ ಮೊದಲು, ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ಕೂಡಿಸುವ ಲೆಕ್ಕ ಒಂದು ಸಲ ಮಾಡಿ, ಸಭೆ ಮುಗಿಯುವ ಹೊತ್ತನ್ನೂ ಅದರಲ್ಲಿ ಅಚ್ಚು ಹಾಕಿಸಬೇಕು.

ನಿಮ್ಮನ್ನು ಮುಂದೆ ಯಾರಾದರೂ ಭಾಷಣಕ್ಕೆ ಕರೆದಾಗ ಗಾಡಿ ಕಳಿಸುತ್ತೀರಾ ಎಂದು ಕೇಳುವ ಮೊದಲು ನನಗೆ ಎಷ್ಟು ನಿಮಿಷ, ನನ್ನ ನಂತರ ಎಷ್ಟು ಜನ ಎಂದು ಕೇಳಿ. ಅವರು ಹೇಳಿದ ಹೊತ್ತಿಗೆ ಒಂದು ನಿಮಿಷ ಮೊದಲೇ ಮುಗಿಸಿ ಕುಳಿತುಕೊಳ್ಳಿ.